ಮೇಷ್ಟ್ರ ಮುಷ್ಕರಕ್ಕೆ ಊರು ಯಾಕೆ ಜೊತೆಯಾಯಿತು?



ಕಳೆದ ತಿಂಗಳ ಪತ್ರೋತ್ತರ ಕಾರ್ಯಕ್ರಮಕ್ಕೆ ಡೊಂಬಿವಲಿಯ ಶ್ರೋತೃ ಒಬ್ಬರು ಹೀಗೊಂದು ಪ್ರಶ್ನೆ ಕಳಿಸಿದ್ದರು: "ಮೇಷ್ಟ್ರು ಮುಷ್ಕರ ಹೂಡಿದರೆ ನಷ್ಟ ಮಕ್ಕಳಿಗೆ. ಹಾಗಿದ್ದೂ ಅಮೆರಿಕದ ಶಿಕಾಗೋದಲ್ಲಿ ತಂದೆತಾಯಿಯರೇ ಮೇಷ್ಟ್ರ ಪರವಾಗಿ ಬೀದಿಗೆ ಬಂದಿದ್ದರಂತೆ. ಇದು ನಿಜವೇ? ಹೇಗೆ ಸಾಧ್ಯ?" ಸ್ಟುಡಿಯೋದಲ್ಲಿ ನನಗೆ ಉಳಿದಿದ್ದು ಎರಡೇ ನಿಮಿಷ. "ನಿಜ, ವಿವರ ಮುಂದೆ ಹೇಳುತ್ತೇವೆ" ಎಂದು ಹೇಳಿ ಹಾಡು ಹಾಕಿಬಿಟ್ಟೆ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಅದಕ್ಕೂ ಮೊದಲು ನನ್ನದೊಂದು ತಪ್ಪೊಪ್ಪಿಗೆ. ನಾನು ಕನ್ನಡ ಬಿ.ಎ. ಓದುತ್ತಿದ್ದಾಗ ನಮಗೆ ಹಳಗನ್ನಡ ಕಲಿಸಿದವರು ಅರೆಕಾಲಿಕ ಉಪನ್ಯಾಸಕರು. ಪಂಪ, ರನ್ನರನ್ನು ಅವರು ಓದುವ ರೀತಿಗೆ ಪಕ್ಕದ ಕ್ಲಾಸಿನವರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರಿಗೆ ಸಂಬಳ ಬರುತ್ತಿದ್ದುದು ತಿಂಗಳುಗಟ್ಟಲೆ ತಡವಾಗಿ. ಮಾರ್ಚ್ ಬಂತೆಂದರೆ ಕೆಲಸವೇ ಮುಗಿಯಿತು, ಮುಂದಿನ ವರ್ಷ ಕರೆದರೆ ಉಂಟು, ಇಲ್ಲವಾದರೆ ಇಲ್ಲ. ಒಂದು ದಿನ ಅವರೂ ಅವರಂಥ ಇನ್ನೂ ಕೆಲವರೂ ಕಾಲೇಜಿನ ಗೇಟಿನ ಮುಂದೆ ಧರಣಿ ಕೂತರು. ನಮ್ಮ ಕೈಗೂ ಒಂದೊಂದು ಕರಪತ್ರ ಕೊಟ್ಟರು. ನಾವೇನು ಮಾಡಿದೆವು ಅಂತೀರಾ? ಕ್ಲಾಸಿಲ್ಲ ಎಂಬ ಖುಷಿಯಲ್ಲಿ ಮ್ಯಾಟಿನಿಗೆ ಹೋದೆವು. ಕರಪತ್ರವನ್ನು ನಾನು ಓದಲೂ ಇಲ್ಲ.

ಶಿಕಾಗೋದ ಕಥೆ ತಿಳಿದಾಗ ನನಗೆ ಮೊದಲು ನೆನಪಾದದ್ದು ಆ ಕರಪತ್ರವೇ.

ಕಾಂಟ್ರಾಕ್ಟ್ ಅಂದರೆ ಏನು?

ನಮ್ಮಲ್ಲಿ "ಕಾಂಟ್ರಾಕ್ಟ್ ಟೀಚರ್" ಎಂದರೆ ಭದ್ರತೆ ಇಲ್ಲದವರು, ಇವತ್ತು ಇದ್ದು ನಾಳೆ ಇಲ್ಲವಾಗುವವರು. ಅಮೆರಿಕದ ಅನೇಕ ರಾಜ್ಯಗಳ ಶಾಲೆಗಳಲ್ಲಿ ಈ ಮಾತಿನ ಅರ್ಥ ಹೆಚ್ಚುಕಡಿಮೆ ತಿರುವುಮುರುವು. ಅಲ್ಲಿ ಕಾಂಟ್ರಾಕ್ಟ್ ಎಂದರೆ ಶಿಕ್ಷಕರ ಸಂಘವೂ ಶಾಲಾ ಮಂಡಳಿಯೂ ಕೂತು ಮಾತಾಡಿ, ಎಲ್ಲ ಶಿಕ್ಷಕರಿಗೂ ಸೇರಿ ಬರೆದುಕೊಳ್ಳುವ ಒಂದೇ ಕರಾರು. ಸಂಬಳ ಎಷ್ಟು, ದಿನಕ್ಕೆ ಎಷ್ಟು ಹೊತ್ತು ಕೆಲಸ, ಕೆಲಸ ಹೋದವರನ್ನು ಮತ್ತೆ ಕರೆಯುವುದು ಹೇಗೆ, ಎಲ್ಲವೂ ಅದರಲ್ಲಿ ಇರುತ್ತದೆ. ಮೂರೋ ನಾಲ್ಕೋ ವರ್ಷಕ್ಕೊಮ್ಮೆ ಅವಧಿ ಮುಗಿಯುತ್ತದೆ, ಹೊಸದಾಗಿ ಮಾತುಕತೆ ನಡೆಯುತ್ತದೆ. ಅಲ್ಲಿನ ಶಿಕ್ಷಕರು ಹೋರಾಡುವುದು ನ್ಯಾಯವಾದ ಕಾಂಟ್ರಾಕ್ಟಿಗಾಗಿ. ನಮ್ಮವರು ಹೋರಾಡುವುದು ಕಾಂಟ್ರಾಕ್ಟ್ ಪದ್ಧತಿಯಿಂದ ಬಿಡುಗಡೆಗಾಗಿ. ಬೇಡಿಕೆ ಒಂದೇ: ನಾಳೆಯೂ ನಾನು ಈ ಮಕ್ಕಳ ಮುಂದೆ ನಿಲ್ಲುತ್ತೇನೆ ಎಂಬ ಭರವಸೆ.

ಮುಷ್ಕರಕ್ಕೆ ಮುಂಚಿನ ನಾಲ್ಕು ವರ್ಷ

ಶಿಕಾಗೋ ಶಿಕ್ಷಕರು 2012ರ ಸೆಪ್ಟೆಂಬರ್ 10ರಂದು ಮುಷ್ಕರ ಶುರುಮಾಡಿದರು. ಸುಮಾರು 26,000 ಶಿಕ್ಷಕರು ಮತ್ತು ಸಿಬ್ಬಂದಿ, ಸುಮಾರು 3,50,000 ಮಕ್ಕಳು. ಅದಕ್ಕೂ ಹಿಂದೆ ಆ ಊರಿನಲ್ಲಿ ಮೇಷ್ಟ್ರ ಮುಷ್ಕರ ನಡೆದದ್ದು 1987ರಲ್ಲಿ. ಎಲ್ಲರೂ ನೋಡಿದ್ದು ಏಳು ಶಾಲಾ ದಿನಗಳ ಮುಷ್ಕರವನ್ನು. ಆದರೆ ಶ್ರೋತೃಗಳ ಪ್ರಶ್ನೆಗೆ ಉತ್ತರ ಇರುವುದು ಅದಕ್ಕೂ ಹಿಂದಿನ ನಾಲ್ಕು ವರ್ಷಗಳಲ್ಲಿ.

ಶಿಕಾಗೋದಲ್ಲಿ 1995ರಿಂದ ಶಾಲಾ ಮಂಡಳಿಯನ್ನು ನೇಮಿಸುವ ಅಧಿಕಾರ ಮೇಯರ್ ಕೈಯಲ್ಲಿತ್ತು. 2004ರಲ್ಲಿ ಒಂದು ದೊಡ್ಡ ಯೋಜನೆ ಬಂತು. ಸರಿಯಾಗಿ ನಡೆಯದ ಹಳೆಯ ಶಾಲೆಗಳನ್ನು ಮುಚ್ಚಿ, ನೂರು ಹೊಸ ಶಾಲೆಗಳನ್ನು ತೆರೆಯುವುದು. ಹೊಸ ಶಾಲೆಗಳಲ್ಲಿ ಬಹಳಷ್ಟನ್ನು ಖಾಸಗಿಯವರು ಸರ್ಕಾರದ ದುಡ್ಡಿನಲ್ಲಿ ನಡೆಸಬೇಕು. ಮುಚ್ಚುವ ಪಟ್ಟಿಯಲ್ಲಿದ್ದವು ಹೆಚ್ಚಾಗಿ ಬಡ ಕರಿಯರ ಬಡಾವಣೆಗಳ ಶಾಲೆಗಳು. ಶಾಲೆ ಮುಚ್ಚಿದರೆ ಮೇಷ್ಟ್ರ ಕೆಲಸ ಹೋಗುತ್ತದೆ, ಮಗು ಇನ್ನೊಂದು ಬಡಾವಣೆಗೆ ದೂರ ನಡೆಯಬೇಕಾಗುತ್ತದೆ. ಹೊಡೆತ ಇಬ್ಬರಿಗೂ ಒಂದೇ ಕಡೆಯಿಂದ ಬಿದ್ದಿತ್ತು.

2008ರಲ್ಲಿ ಸಂಘದೊಳಗೇ ಕೆಲವು ಶಿಕ್ಷಕರು ಸೇರಿ ಒಂದು ಗುಂಪು ಕಟ್ಟಿಕೊಂಡರು. ಆಗ ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಯಾವ ಶಾಲೆ ಮುಚ್ಚುತ್ತಾರೆಂದು ಸುದ್ದಿ ಬಂದರೂ ಆ ಬಡಾವಣೆಗೆ ಹೋಗಿ ತಂದೆತಾಯಿಯರ ಜೊತೆ ಸಭೆಗಳಲ್ಲಿ ಕೂತರು. ಕೆನ್‌ವುಡ್ ಓಕ್‌ಲ್ಯಾಂಡ್‌ನಂಥ ಹಳೆಯ ಬಡಾವಣೆ ಸಂಘಟನೆಗಳ ಜೊತೆ ಕೈ ಜೋಡಿಸಿದರು. 2010ರಲ್ಲಿ ಈ ಗುಂಪೇ ಸಂಘದ ಚುನಾವಣೆ ಗೆದ್ದಿತು. ರಸಾಯನಶಾಸ್ತ್ರದ ಶಿಕ್ಷಕಿ ಕ್ಯಾರೆನ್ ಲೂಯಿಸ್ ಅಧ್ಯಕ್ಷೆಯಾದರು. ಅಂದರೆ, ಮೇಷ್ಟ್ರಿಗೆ ಊರಿನ ಸಹಾಯ ಬೇಕಾಗುವ ಮೊದಲೇ ಊರಿಗೆ ಮೇಷ್ಟ್ರ ಸಹಾಯ ಸಿಕ್ಕಿತ್ತು. ಇಡೀ ಕಥೆಯ ಕೀಲಿಕೈ ಇದೇ.

ಅಡ್ಡಗಾಲೇ ಮೆಟ್ಟಿಲಾಯಿತು

2011ರಲ್ಲಿ ರಾಹ್ಮ್ ಇಮ್ಯಾನುಯೆಲ್ ಮೇಯರ್ ಆದರು. ಅದೇ ವರ್ಷ ಮಂಡಳಿಯು, ಕರಾರಿನಲ್ಲಿ ಒಪ್ಪಿಕೊಂಡಿದ್ದ ಶೇಕಡಾ 4ರ ಸಂಬಳ ಏರಿಕೆಯನ್ನು ದುಡ್ಡಿಲ್ಲವೆಂದು ನಿಲ್ಲಿಸಿತು. ಪ್ರಾಥಮಿಕ ಶಾಲೆಯ ದಿನವನ್ನು 5 ಗಂಟೆ 45 ನಿಮಿಷದಿಂದ ಏಳೂವರೆ ಗಂಟೆಗೆ ಏರಿಸಬೇಕೆಂದು ಮೇಯರ್ ಹೊರಟರು. ಕೊನೆಗೆ ಅದು ಏಳು ಗಂಟೆಗೆ ನಿಂತಿತು. ಮಕ್ಕಳ ಪರೀಕ್ಷೆಯ ಅಂಕ ನೋಡಿ ಮೇಷ್ಟ್ರ ಯೋಗ್ಯತೆ ಅಳೆಯುವ ಮಾತೂ ಬಂತು.

ಇದರ ಜೊತೆಗೆ ರಾಜ್ಯ ಸರ್ಕಾರ ಒಂದು ಕಾನೂನು ತಂದಿತು. ಶಿಕಾಗೋ ಶಿಕ್ಷಕರು ಮುಷ್ಕರ ಹೂಡಬೇಕಾದರೆ ಸಂಘದ ಒಟ್ಟು ಸದಸ್ಯರಲ್ಲಿ ಶೇಕಡಾ 75 ಮಂದಿ ಒಪ್ಪಬೇಕು. ಮತ ಹಾಕಿದವರಲ್ಲಿ ಅಲ್ಲ, ಒಟ್ಟು ಸದಸ್ಯರಲ್ಲಿ! ಮನೆಯಲ್ಲೇ ಕೂತವರ ಮತವೂ "ಬೇಡ" ಎಂದೇ ಲೆಕ್ಕ. ಇಷ್ಟು ಮತ ಯಾವ ಕಾಲಕ್ಕೂ ಸಿಗಲಾರದು ಎಂದು ಕಾನೂನಿನ ಪರ ಓಡಾಡಿದವರು ಬಹಿರಂಗವಾಗಿಯೇ ಹೇಳಿಕೊಂಡಿದ್ದರು.

ಸಂಘ ಏನು ಮಾಡಿತು? ಪ್ರತಿ ಶಾಲೆಯಲ್ಲೂ ಒಬ್ಬೊಬ್ಬ ಸದಸ್ಯರನ್ನೂ ಕಂಡು ಮಾತಾಡಲು ಜನರನ್ನು ನೇಮಿಸಿತು. ಶುಕ್ರವಾರಗಳಂದು ಎಲ್ಲರೂ ಕೆಂಪು ಟೀ ಶರ್ಟ್ ತೊಟ್ಟು ಬರುವ ರೂಢಿ ಬಂತು. ಯಾರು ತೊಟ್ಟಿದ್ದಾರೆ, ಯಾರು ಇನ್ನೂ ಅನುಮಾನದಲ್ಲಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. 2012ರ ಜೂನ್‌ನಲ್ಲಿ ಮತದಾನ ನಡೆದಾಗ ಒಟ್ಟು ಸದಸ್ಯರಲ್ಲಿ ಸುಮಾರು ಶೇಕಡಾ 90 ಮಂದಿ "ಹೌದು" ಎಂದರು. ಕಟ್ಟಿಹಾಕಲು ತಂದ ಹಗ್ಗವೇ ಎಲ್ಲರನ್ನೂ ಒಟ್ಟಿಗೆ ಕಟ್ಟಿತು.

ಬೇಡಿಕೆಯಲ್ಲಿ ಮಕ್ಕಳೂ ಇದ್ದರು

ಮುಷ್ಕರಕ್ಕೆ ಏಳು ತಿಂಗಳ ಮೊದಲು, 2012ರ ಫೆಬ್ರವರಿಯಲ್ಲಿ, ಸಂಘ ಒಂದು ವರದಿ ಹೊರತಂದಿತು. ಶಿಕಾಗೋದ ಮಕ್ಕಳಿಗೆ ಸಲ್ಲಬೇಕಾದ ಶಾಲೆ ಹೇಗಿರಬೇಕು ಎಂಬುದೇ ಅದರ ವಿಷಯ. ತರಗತಿಯಲ್ಲಿ ಮಕ್ಕಳು ಕಡಿಮೆ ಇರಲಿ, ಸಂಗೀತ, ಚಿತ್ರಕಲೆ, ಆಟದ ಮೇಷ್ಟ್ರು ಇರಲಿ, ಗ್ರಂಥಾಲಯ ಇರಲಿ, ನರ್ಸ್ ಇರಲಿ, ಮಕ್ಕಳ ಮನಸ್ಸಿನ ಕಷ್ಟ ಕೇಳುವವರು ಇರಲಿ. ಆಗ ಆ ಊರಿನ ಸರ್ಕಾರಿ ಶಾಲೆಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಕಡಿಮೆ ಆದಾಯದ ಮನೆಗಳವರಾಗಿದ್ದರು. ಜ್ವರ ಬಂದ ಮಗುವನ್ನು ನೋಡಲು ಶಾಲೆಯಲ್ಲಿ ನರ್ಸ್ ಇಲ್ಲದಿದ್ದರೆ ಅಮ್ಮ ಆ ದಿನದ ಕೂಲಿ ಬಿಟ್ಟು ಓಡಿ ಬರಬೇಕು. ಇದು ಆ ತಾಯಿಗೆ ಯಾರೂ ವಿವರಿಸಬೇಕಾದ ಸಂಗತಿಯಲ್ಲ.

ವಿಚಿತ್ರವೆಂದರೆ, ಕಾನೂನಿನ ಪ್ರಕಾರ ಸಂಬಳ, ಸವಲತ್ತಿನಂಥ ವಿಷಯಗಳಿಗೆ ಮಾತ್ರ ಮುಷ್ಕರ ಹೂಡಬಹುದಿತ್ತು. ತರಗತಿಯ ಗಾತ್ರಕ್ಕಾಗಿ ಹೂಡುವಂತಿರಲಿಲ್ಲ. ಮೇಷ್ಟ್ರು ಮಕ್ಕಳ ಬಗ್ಗೆ ಮಾತಾಡಲು ಕಾನೂನಿನ ಅಡ್ಡಿ, ಸಂಬಳದ ಬಗ್ಗೆ ಮಾತ್ರ ಮಾತಾಡಿದರೆ "ದುಡ್ಡಿನಾಸೆ" ಎಂಬ ದೂರು! ಅದಕ್ಕೇ ಅವರು ಮಕ್ಕಳ ಮಾತನ್ನು ಮಾತುಕತೆಯ ಮೇಜಿನಿಂದ ಬೀದಿಗೆ, ಚರ್ಚಿಗೆ, ಪೋಷಕರ ಸಭೆಗೆ ಒಯ್ದರು.

ಮುಷ್ಕರದ ದಿನಗಳಲ್ಲಿ ಬೆಳಿಗ್ಗೆ ತಮ್ಮ ತಮ್ಮ ಶಾಲೆಯ ಮುಂದೆ ನಿಲ್ಲುವುದು, ಮಧ್ಯಾಹ್ನ ಊರ ನಡುವೆ ಮೆರವಣಿಗೆ. ಮಕ್ಕಳಿಗೆ ಊಟ, ನೆರಳು ತಪ್ಪದಂತೆ ಪಾಲಿಕೆಯವರು 140ಕ್ಕೂ ಹೆಚ್ಚು ಶಾಲೆಗಳನ್ನು ಅರ್ಧ ದಿನ ತೆರೆದಿಟ್ಟರು. ಆ ದಿನಗಳಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ಪೋಷಕರಲ್ಲಿ ಸುಮಾರು ಮೂರನೇ ಎರಡು ಪಾಲು ಮಂದಿ ಮೇಷ್ಟ್ರ ಪರವಾಗಿದ್ದರು. ಎಲ್ಲರೂ ಒಪ್ಪಿದ್ದರು ಅನ್ನುವಂತಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರ ಪರದಾಟ ಸುಳ್ಳಲ್ಲ.

ನನಗೆ ಬಹಳ ಹಿಡಿಸಿದ ಘಟನೆ ಕೊನೆಗಿದೆ. ಸೆಪ್ಟೆಂಬರ್ 16ರ ಭಾನುವಾರ ಕರಡು ಕರಾರು ತಯಾರಾಗಿತ್ತು. ಎಲ್ಲ ಶಾಲೆಗಳ ಸುಮಾರು 800 ಪ್ರತಿನಿಧಿಗಳ ಸಭೆ ಸೇರಿತ್ತು. ಮುಗಿಯಿತು ಎಂದು ಎಲ್ಲರೂ ಅಂದುಕೊಂಡಾಗ ಅವರು, "ಸದಸ್ಯರು ಓದದೆ ನಾವು ಒಪ್ಪುವುದಿಲ್ಲ" ಎಂದುಬಿಟ್ಟರು. ಮೇಯರ್ ಕೋರ್ಟಿಗೆ ಹೋದರು. ಇತ್ತ ಮೇಷ್ಟ್ರುಗಳು ಶಾಲೆಯ ಮುಂದಿನ ಫುಟ್‌ಪಾತಿನಲ್ಲೇ ಕೂತು ಕರಾರನ್ನು ಸಾಲು ಸಾಲಾಗಿ ಓದಿದರು. 18ರಂದು ಒಪ್ಪಿಗೆ ಕೊಟ್ಟರು, 19ರಂದು ಶಾಲೆ ಶುರುವಾಯಿತು.

ಸಿಕ್ಕಿದ್ದು, ಸಿಗದೇ ಹೋದದ್ದು

ಮೂರು ವರ್ಷಕ್ಕೆ ಶೇಕಡಾ 3, 2, 2ರಂತೆ ಏರಿಕೆ ಸಿಕ್ಕಿತು. ಅಂಕ ನೋಡಿ ಸಂಬಳ ಕೊಡುವ ಪದ್ಧತಿ ಬರಲಿಲ್ಲ. ಹೊಸ ನೇಮಕದಲ್ಲಿ ಅರ್ಧದಷ್ಟು, ಕೆಲಸ ಕಳೆದುಕೊಂಡ ಶಿಕ್ಷಕರಿಗೆ ಎಂದಾಯಿತು. ಮಕ್ಕಳ ಕೈಗೆ ಮೊದಲ ದಿನವೇ ಪಠ್ಯಪುಸ್ತಕ ಎಂಬ ಮಾತೂ ಕರಾರಿನಲ್ಲಿ ಸೇರಿತು. ಆದರೆ ಶಾಲೆ ಮುಚ್ಚುವುದನ್ನು ತಡೆಯಲಾಗಲಿಲ್ಲ. 2013ರ ಮೇ ತಿಂಗಳಲ್ಲಿ ಮಂಡಳಿ ಒಂದೇ ಸಲಕ್ಕೆ ಸುಮಾರು 50 ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಗೆದ್ದ ಊರೇ ಎಂಟು ತಿಂಗಳಲ್ಲಿ ಅತ್ತಿತು.

ಕಟ್ಟಿದ ನಂಟು ಮಾತ್ರ ಹರಿಯಲಿಲ್ಲ. 2015ರಲ್ಲಿ ಡೈಯೆಟ್ ಎಂಬ ಪ್ರೌಢಶಾಲೆ ಉಳಿಸಲು ಪೋಷಕರು, ಅಜ್ಜಿಯರು 34 ದಿನ ಉಪವಾಸ ಕೂತರು. ಶಾಲೆ ಮರುವರ್ಷ ಬೇರೆ ರೂಪದಲ್ಲಿ ಮತ್ತೆ ತೆರೆಯಿತು. 2019ರ ಅಕ್ಟೋಬರ್‌ನಲ್ಲಿ ಮತ್ತೆ 11 ಶಾಲಾ ದಿನಗಳ ಮುಷ್ಕರ. ಆಗ ಪ್ರತಿ ಶಾಲೆಗೂ ಹಂತ ಹಂತವಾಗಿ ನರ್ಸ್ ಮತ್ತು ಸಮಾಜ ಕಾರ್ಯಕರ್ತರನ್ನು ಕೊಡುವುದು ಕರಾರಿನಲ್ಲೇ ಬಂತು. 2021ರಲ್ಲಿ ತರಗತಿಯ ಗಾತ್ರದ ಬಗ್ಗೆ ಚೌಕಾಸಿ ಮಾಡುವ ಹಕ್ಕನ್ನು ಕಾನೂನು ಮರಳಿಸಿತು. ಶಾಲಾ ಮಂಡಳಿಗೆ ಜನರೇ ಮತ ಹಾಕುವ ಮೊದಲ ಚುನಾವಣೆ 2024ರ ನವೆಂಬರ್‌ನಲ್ಲಿ ನಡೆಯಿತು. ಕ್ಯಾರೆನ್ ಲೂಯಿಸ್ ಇದನ್ನು ನೋಡಲಿಲ್ಲ, 2021ರ ಫೆಬ್ರವರಿಯಲ್ಲಿ ತೀರಿಕೊಂಡರು.

ಇಂಥದೇ ಇನ್ನೊಂದು ಮಾತು. 2018ರಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯದ ಎಲ್ಲ 55 ಜಿಲ್ಲೆಗಳ ಶಿಕ್ಷಕರು ಮುಷ್ಕರ ಹೂಡಿದರು. ಶಾಲೆಯ ಊಟವನ್ನೇ ನಂಬಿದ್ದ ಮಕ್ಕಳಿಗಾಗಿ ಮೇಷ್ಟ್ರುಗಳೇ ಊಟದ ಪೊಟ್ಟಣ ಕಟ್ಟಿ ಹಂಚಿದರು. ಇಂಥ ಮೇಷ್ಟ್ರ ಮೇಲೆ ಊರು ಕೋಪಿಸಿಕೊಳ್ಳುವುದಾದರೂ ಹೇಗೆ?

ನಮ್ಮ ಬಾಗಿಲಿಗೆ ಬಂದರೆ

ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು 2021ರ ಕೊನೆಯಲ್ಲಿ ತರಗತಿ ಬಿಟ್ಟು ಹೊರಬಂದಾಗ ಅವರ ಗೌರವಧನ ತಿಂಗಳಿಗೆ 11,000, 13,000 ರೂಪಾಯಿ. 2022ರ ಜನವರಿಯಲ್ಲಿ ಅದು ಅರ್ಹತೆ, ಅನುಭವ ನೋಡಿ 26,000ದಿಂದ 32,000ದವರೆಗೆ ಏರಿತು. ಜೊತೆಗೆ ಒಬ್ಬೊಬ್ಬರಿಗೆ ವಾರದ ಪಾಠದ ಗಂಟೆಗಳೂ ಹೆಚ್ಚಿದವು. ಆದ್ದರಿಂದ ಕಡಿಮೆ ಜನ ಸಾಕಾಯಿತು, ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಅವರು ಮತ್ತೆ ಬೀದಿಗೆ ಬಂದರು. "ಅತಿಥಿ" ಎಂದು ಕರೆದು ಬಾಗಿಲಲ್ಲೇ ನಿಲ್ಲಿಸುವ ಪದ್ಧತಿ ನಮ್ಮದು.

ಹಾಗಂತ ಶಾಲೆಯ ಬೆನ್ನಿಗೆ ನಿಲ್ಲುವುದು ನಮಗೆ ಹೊಸದೇನಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ನೆನಪಿಸಿಕೊಳ್ಳಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಅಲ್ಲಿ ಅಕ್ಷರ ಕಲಿತರು. ಅವುಗಳನ್ನು ನಡೆಸಿದ್ದು ನಮ್ಮ ಸಂಘ ಸಂಸ್ಥೆಗಳೇ. ಅಲ್ಲಿ ಕಲಿತು ಮೇಲೆ ಬಂದವರು ಈ ಪತ್ರಿಕೆ ಓದುತ್ತಿರುವವರಲ್ಲೂ ಇದ್ದೀರಿ. ಆ ಮೇಷ್ಟ್ರಿಗೆ ಎಷ್ಟು ಸಂಬಳ ಬರುತ್ತಿತ್ತು ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಡೊಂಬಿವಲಿಯ ಶ್ರೋತೃಗಳಿಗೆ ನನ್ನ ಉತ್ತರ ಇಷ್ಟು: ಪಾಠ ತಪ್ಪುವುದು ನಷ್ಟವೇ, ಅನುಮಾನವಿಲ್ಲ. ಆದರೆ ವರ್ಷಕ್ಕೊಬ್ಬ ಮೇಷ್ಟ್ರು ಬದಲಾಗುವುದು, ನರ್ಸ್ ಇಲ್ಲದಿರುವುದು, ಪುಸ್ತಕ ತಡವಾಗುವುದು ದಿನದಿನದ ನಷ್ಟ. ಅದನ್ನು ಶಿಕಾಗೋದ ತಂದೆತಾಯಿಯರು ಲೆಕ್ಕ ಹಾಕಿದರು. ಲೆಕ್ಕ ತೋರಿಸಿದವರು ಮೇಷ್ಟ್ರು, ಅದೂ ಮುಷ್ಕರಕ್ಕೆ ಬಹಳ ಮೊದಲೇ.

ಇನ್ನು ನನ್ನ ಮೇಷ್ಟ್ರು. ಆ ಮಾರ್ಚ್ ಆದಮೇಲೆ ಅವರು ಮತ್ತೆ ಕಾಲೇಜಿಗೆ ಬರಲಿಲ್ಲ. ಮೈಕಿನ ಮುಂದೆ ನನ್ನ ನಾಲಿಗೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಸರಿಯಾಗಿ ಹೊರಳುತ್ತಿದ್ದರೆ ಅದು ಅವರದೇ ಋಣ. ಮುಂದೆ ಯಾರಾದರೂ ಮೇಷ್ಟ್ರು ನಿಮ್ಮ ಕೈಗೆ ಒಂದು ಕರಪತ್ರ ಕೊಟ್ಟರೆ, ಒಪ್ಪಬೇಕೆಂದೇನಿಲ್ಲ, ದಯವಿಟ್ಟು ಓದಿ.

ನಿಮಗೆ ಅಕ್ಷರ ಕಲಿಸಿದ ಮೇಷ್ಟ್ರ ಬಗ್ಗೆ, ಅವರ ಕಷ್ಟದ ದಿನಗಳ ಬಗ್ಗೆ ನಮಗೆ ಬರೆಯಿರಿ. ಮುಂದಿನ ಪತ್ರೋತ್ತರದಲ್ಲಿ ಓದೋಣ. ಈ ಸಲ ಎರಡು ನಿಮಿಷಕ್ಕಿಂತ ಹೆಚ್ಚು ಸಮಯ ಇಟ್ಟಿರುತ್ತೇನೆ. ಅಲ್ಲಿಯವರೆಗೆ, ನಮಸ್ಕಾರ.