ಸ್ಟೀರಿಂಗ್ ಯಾಕೆ ಕುಂಯ್‌ಗುಡುತ್ತೆ?

ದೀಪಾವಳಿ ರಜೆಯಲ್ಲಿ ಮಾಮಾನ ಹಳೇ ಇನ್ನೋವಾದಲ್ಲಿ ಹಾವೇರಿಯಿಂದ ಬ್ಯಾಡಗಿಗೆ ಹೊರಟಿದ್ವಿ. ಮೋಟೆಬೆನ್ನೂರಲ್ಲಿ ಹೈವೇ ಬಿಟ್ಟು ಒಳಗೆ ತಿರುಗುವಾಗ ಬಾನೆಟ್ ಕೆಳಗಿಂದ ಕುಂಯ್ ಅಂತ ಸದ್ದು, ಸ್ಟೀರಿಂಗೂ ಸ್ವಲ್ಪ ಬಿಗಿ. "ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಇದು ಯಾಕ ಅಳಾಕತ್ತೈತಿ ಹೇಳು" ಅಂದ ಮಾಮಾ. ನನಗೆ ಪ್ಯಾಸ್ಕಲ್ ನಿಯಮ ಗೊತ್ತಿತ್ತು, ಅಷ್ಟೇ. ಮರ್ಯಾದೆ ಪ್ರಶ್ನೆ ಅಂತ ಕೂತು ಓದಿದೆ.

ಇಂಜಿನ್ ಒಂದು ಪಂಪ್ ತಿರುಗಿಸುತ್ತೆ. ಅದು ರಿಸರ್ವಾಯರ್‌ನಿಂದ ಆಯಿಲ್ ಎಳೆದು ಒತ್ತಡದಲ್ಲಿ ಸ್ಟೀರಿಂಗ್ ರ್‍ಯಾಕ್‌ಗೆ ಕಳಿಸುತ್ತೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಒಳಗಿನ ಸಣ್ಣ ಟಾರ್ಷನ್ ಬಾರ್ ತುಸು ತಿರುಚಿಕೊಂಡು ವಾಲ್ವ್ ತೆರೆಯುತ್ತೆ, ಆಯಿಲ್ ಪಿಸ್ಟನ್ನಿನ ಒಂದು ಬದಿಗೆ ನುಗ್ಗುತ್ತೆ. ಲೆಕ್ಕಕ್ಕೆ 70 ಬಾರ್ ಒತ್ತಡ, 1000 ಚದರ ಮಿ.ಮೀ. ಪಿಸ್ಟನ್ ಅಂತ ಹಿಡಿದರೆ 7000 ನ್ಯೂಟನ್, ಅಂದ್ರೆ ಸುಮಾರು 700 ಕೆಜಿ ತೂಕದಷ್ಟು ಬಲ. ಕೆಲಸ ಮುಗಿಸಿದ ಆಯಿಲ್ ರಿಟರ್ನ್ ಪೈಪಿನಲ್ಲಿ ವಾಪಸ್ ಬರುತ್ತೆ. ಆಯಿಲ್ ಕಮ್ಮಿಯಾಗಿ ಗಾಳಿ ಸೇರಿದರೆ ಪಂಪ್ ಅಳುತ್ತೆ. (ಸ್ವಿಫ್ಟ್‌ನಂಥ ಕಾರುಗಳಲ್ಲಿ ಎಲೆಕ್ಟ್ರಿಕ್ ಸ್ಟೀರಿಂಗ್, ಆಯಿಲ್ಲೇ ಇಲ್ಲ. ಹುಡುಕಬೇಡಿ!)

ಈ ಗಾಡಿಗೆ ಬೇಕಾಗಿದ್ದು ಡೆಕ್ಸ್ರಾನ್ ಎಟಿಎಫ್. ಹೊಸದು ಬ್ಯಾಡಗಿ ಮೆಣಸಿನಕಾಯಿಯಷ್ಟೇ ಕೆಂಪು. ನಮ್ಮ ರಿಸರ್ವಾಯರ್‌ನಲ್ಲಿ ಇದ್ದದ್ದು ಹಳೇ ಬೆಲ್ಲದ ಪಾಕದ ಬಣ್ಣ, ಸುಟ್ಟ ವಾಸನೆ ಬೇರೆ.

ಇಲ್ಲಿ ನನ್ನ ತಪ್ಪು ಹೇಳಲೇಬೇಕು. ರಾಣೆಬೆನ್ನೂರಿನ ಅಂಗಡಿಯಲ್ಲಿ "ಸ್ಟೀರಿಂಗ್ ಆಯಿಲ್ಲೂ ಬ್ರೇಕ್ ಆಯಿಲ್ಲೂ ಒಂದೇ ಇರ್ಬೇಕು" ಅಂದುಕೊಂಡು ಬ್ರೇಕ್ ಫ್ಲೂಯಿಡ್ ಬಾಟ್ಲಿ ಕೈಗೆತ್ತಿಕೊಂಡಿದ್ದೆ. ಮಾಮಾ ಲೇಬಲ್ ನೋಡಿ ಬೈದ. ಬ್ರೇಕ್ ಫ್ಲೂಯಿಡ್ ಗ್ಲೈಕಾಲ್ ಜಾತಿ, ಎಟಿಎಫ್ ಎಣ್ಣೆ ಜಾತಿ. ಎರಡರ ರಬ್ಬರ್ ಸೀಲ್‌ಗಳೂ ಬೇರೆ. ಅದಲುಬದಲಾದರೆ ಸೀಲ್ ಕೆಡುತ್ತೆ. ಬ್ರೇಕಿಗೆ ಎಟಿಎಫ್ ಹೋದರಂತೂ ಸೀಲ್ ಉಬ್ಬಿ ಹೈವೇ ಮೇಲೆ ಬ್ರೇಕೇ ಕೈಕೊಡಬಹುದು. ಯಾವ ಕಾರಿಗೆ ಯಾವುದು ಅಂತ ಮ್ಯಾನುವಲ್ ಅಥವಾ ಮುಚ್ಚಳದ ಮೇಲೆ ನೋಡಿಯೇ ತಗೊಳ್ಳಿ.

ಕೆಲಸಕ್ಕೆ ಇಬ್ಬರು ಬೇಕು. ಮುಂದಿನ ಚಕ್ರ ಎರಡನ್ನೂ ಎತ್ತಿ ಸ್ಟ್ಯಾಂಡ್ ಕೊಡಬೇಕು, ಬರೀ ಜ್ಯಾಕ್ ನಂಬಬಾರದು. ದೊಡ್ಡ ಸಿರಿಂಜಿನಲ್ಲಿ ರಿಸರ್ವಾಯರ್ ಖಾಲಿ ಮಾಡಿ, ರಿಟರ್ನ್ ಪೈಪ್ ಬಿಚ್ಚಿ ಅದರ ತುದಿಯನ್ನು ಬಾಟ್ಲಿಗೆ ಇಳಿಸಿದ್ವಿ. ರಿಸರ್ವಾಯರ್ ಕಡೆ ಉಳಿದ ಬಾಯಿಗೆ ಬಿರಡೆ. ಹೊಸ ಆಯಿಲ್ ತುಂಬಿ, ಇಂಜಿನ್ ಆಫ್ ಇಟ್ಟೇ, ಕೀ ಮಾತ್ರ ತಿರುಗಿಸಿ ಲಾಕ್ ಬಿಡಿಸಿ, ನಾನು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ತಿರುಗಿಸ್ತಾ ಹೋದೆ. ಮಾಮಾ ಮಟ್ಟ ಇಳಿಯದಂಗೆ ಸುರಿಯುತ್ತಾ ಇದ್ದ. ಒಮ್ಮೆ ಖಾಲಿಯಾದರೆ ಪಂಪ್ ಗಾಳಿ ಕುಡಿಯುತ್ತೆ, ಮತ್ತೆ ಮೊದಲಿನಿಂದ. ಬಾಟ್ಲಿಗೆ ಕೆಂಪು ಬಂದಾಗ ನಿಲ್ಲಿಸಿದ್ವಿ. ಎರಡು ಲೀಟರ್ ತಂದಿದ್ದು ಒಳ್ಳೇದಾಯ್ತು.

ಪೈಪ್ ಜೋಡಿಸಿ ಮಟ್ಟ ಸರಿಮಾಡಿ, ಇಂಜಿನ್ ಆಫ್‌ನಲ್ಲೇ ಇನ್ನೂ 20 ಸಲ ತಿರುಗಿಸಿದೆ. ಗುಳ್ಳೆ ಏಳೋದು ನಿಂತ ಮೇಲೆ ಸ್ಟಾರ್ಟ್. ತುದಿಗೆ ಹೋದಾಗ ಅಲ್ಲೇ ಒತ್ತಿ ಹಿಡಿಯಬಾರದು. ಆಗ ಆಯಿಲ್‌ಗೆ ಹೋಗೋಕೆ ದಾರಿ ಇರಲ್ಲ, ರಿಲೀಫ್ ವಾಲ್ವ್ ಮೂಲಕ ಸುತ್ತಿ ಸುತ್ತಿ ಬೇಗ ಕಾಯುತ್ತೆ. ಆಯಿಲ್ ಹಾಲುಹಾಲಾಗಿ ಕಂಡರೆ ಗಾಳಿ ಇನ್ನೂ ಇದೆ ಅಂತ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ.

ಹಳೇ ಆಯಿಲ್ಲನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನ ವೇಸ್ಟ್ ಡ್ರಮ್ಮಿಗೆ ಕೊಟ್ವಿ. ಸದ್ದು ಹೋಯ್ತು, ನಾನು ಮೆರೆದೆ. ವಾರದ ಮೇಲೆ ಮಾಮಾನ ಫೋನು: ಮಟ್ಟ ಒಂದು ಬೆರಳು ಇಳಿದಿದೆ. ಪೈಪಿನ ಹಳೇ ಕ್ಲ್ಯಾಂಪ್ ಹತ್ತಿರ ಒದ್ದೆ. ಆಯಿಲ್ ಮೊದಲು ಕಮ್ಮಿಯಾಗಿದ್ದೇ ಅಲ್ಲಿಂದ, ನಾನು ನೋಡಿರಲೇ ಇಲ್ಲ. ಮುಂದಿನ ರಜೆಗೆ ಕ್ಲ್ಯಾಂಪ್ ನಾನೇ ತರಬೇಕಂತೆ.