ಹನೂರಿನ ರಾಗಿ ಮೊಳಕೆ, ಬೆಲ್ಜಿಯಂನ ಯೀಸ್ಟ್

ಹನೂರು ಕಡೆಯ ಬೆದ್ದಲು ಹೊಲಗಳ ರಾಗಿ ಮನೆ ಸೇರಿದ ಮೇಲೆ ಅದರಲ್ಲೊಂದು ಪಾಲು ಮೊಳಕೆಗೆ ಹೋಗುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಅದನ್ನು ಒಣಗಿಸಿ, ಉಜ್ಜಿ, ಕೇರಿ, ಘಮ್ಮೆನ್ನುವಂತೆ ಹುರಿದು ಹಿಟ್ಟು ಮಾಡಿದರೆ ಕೂಸಿಗೆ ಸರಿ ಸಿದ್ಧ. ಇದೇ ಕೆಲಸವನ್ನು ಬಾರ್ಲಿಗೆ ಮಾಡಿದರೆ ಅದು ಬಿಯರಿನ ಮೊದಲ ಹಂತ. ಎರಡಕ್ಕೂ ಹೆಸರು ಮಾಲ್ಟ್ ಎಂದೇ.

ಕಾಳು ಮೊಳೆಯುವಾಗ ತನ್ನೊಳಗೆ ಅಮೈಲೇಸ್ ಎಂಬ ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ. ಅವು ಪಿಷ್ಟದ ಉದ್ದನೆಯ ಸರಪಳಿಗಳನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ರಾಗಿ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ ಇಳಿಸಿ, ಶಾಖ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಕಲಸಬೇಕು. ಹಿಟ್ಟು ಹುರಿದದ್ದಾಗಿರಬಾರದು, ಹುರಿದರೆ ಕಿಣ್ವ ಸಾಯುತ್ತದೆ. ಸೌಟು ನಿಲ್ಲುವಷ್ಟು ಗಟ್ಟಿಯಿದ್ದ ಗಂಜಿ ಕೆಲವೇ ನಿಮಿಷಗಳಲ್ಲಿ ನೀರುನೀರಾಗಿ ಹರಿಯತೊಡಗುತ್ತದೆ, ನಾಲಿಗೆಗೆ ತುಸು ಸಿಹಿಯೂ ತಗಲುತ್ತದೆ. ಕಿರುಧಾನ್ಯಗಳಲ್ಲಿ ಮಾಲ್ಟ್ ಮಾಡಲು ರಾಗಿ ಬಲು ಒಗ್ಗುವ ಕಾಳು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ದಶಕಗಳ ಕಾಲ ಇದರ ಮೇಲೆ ಕೆಲಸ ಮಾಡಿದ್ದಾರೆ.

ಬಾರ್ಲಿ ಮಾಲ್ಟನ್ನು ಇದೇ ಶಾಖದ ನೀರಿನಲ್ಲಿ ನೆನೆಸಿ ಬಸಿದ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಸಾಮಾನ್ಯ ಬಿಯರಿನ ವರ್ಟಿನಲ್ಲಿ ಕರಗಿದ ಸಕ್ಕರೆಯಂಶ ನೂರಕ್ಕೆ 11-12. ಇಂಗ್ಲೆಂಡಿನಲ್ಲಿ ಬಹಳ ಹಿಂದಿನಿಂದ ಮಾಡುತ್ತಿರುವ ಬಾರ್ಲಿ ವೈನ್ ಎಂಬ ಪಾನೀಯದ ವರ್ಟಿನಲ್ಲಿ ಅದು ಹಲವು ಸಲ 24ರಿಂದ 28. ಕೊಳ್ಳೇಗಾಲ, ಯಳಂದೂರಿನ ನೀರಾವರಿ ಬಯಲಲ್ಲಿ ಕಬ್ಬು ಅರೆದಾಗ ಬರುವ ಹಾಲಿನಲ್ಲಿ ಇರುವುದು ಸುಮಾರು 18-20. ಅಂದರೆ ಬಾರ್ಲಿ ವೈನಿನ ರಸ ಕಬ್ಬಿನ ಹಾಲಿಗಿಂತಲೂ ಗಟ್ಟಿ ಸಿಹಿ. ಹೆಸರಲ್ಲಿ ವೈನ್ ಇದ್ದರೂ ಇದು ಬಿಯರೇ, ದ್ರಾಕ್ಷಿಯ ಸೋಂಕಿಲ್ಲ. ಸಾಧಾರಣ ಬಿಯರಿನಲ್ಲಿ ಶೇಕಡಾ 5ರಷ್ಟು ಮದ್ಯಸಾರ ಇದ್ದರೆ ಇದರಲ್ಲಿ 8ರಿಂದ 12, ಒಮ್ಮೊಮ್ಮೆ ಇನ್ನೂ ಹೆಚ್ಚು.

ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಲು ಪರವಾನಗಿ ಬೇಕಿಲ್ಲ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹೀಗಾಗಿ ಇಲ್ಲಿ ಹೇಳುತ್ತಿರುವುದು ಮಾಡಿ ನೋಡಲು ಅಲ್ಲ, ತಿಳಿಯಲು. ತಿಳಿಯಬೇಕಾದದ್ದು ವರ್ಟಿನ ಸಕ್ಕರೆಯನ್ನು ಮದ್ಯಸಾರ ಮಾಡುವ ಸೂಕ್ಷ್ಮಜೀವಿ ಯೀಸ್ಟಿನ ಪಾಡು.

ಸಕ್ಕರೆ ಯೀಸ್ಟಿಗೆ ಅನ್ನ. ಆ ಅನ್ನವೇ ಅತಿಯಾದರೆ ಅದಕ್ಕೆ ಪ್ರಾಣಸಂಕಟ. ಉಪ್ಪು ಹಚ್ಚಿಟ್ಟ ಮಾವಿನ ಹೋಳು ನೀರು ಬಿಡುವಂತೆ, ಗಟ್ಟಿ ಸಿಹಿಯೊಳಗೆ ಬಿದ್ದ ಯೀಸ್ಟ್ ಕೋಶದಿಂದ ನೀರು ಹೊರಗೆ ಸೋರುತ್ತದೆ. ಕೋಶ ಮುದುಡುತ್ತದೆ, ಕೆಲಸ ನಿಲ್ಲಿಸುತ್ತದೆ. ಬದುಕುವ ಚೈತನ್ಯವಿದ್ದರೆ ಅದು ಗ್ಲಿಸರಾಲ್ ತಯಾರಿಸಿ ಒಳಗೆ ತುಂಬಿಕೊಂಡು, ಹೊರಗಿನ ಒತ್ತಡಕ್ಕೆ ಒಳಗಿನಿಂದ ಸಮಜೋಡಿ ಕೊಡುತ್ತದೆ. ಆಮೇಲಷ್ಟೇ ಸಕ್ಕರೆ ತಿನ್ನಲು ಶುರು. 180 ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 92 ಗ್ರಾಂ ಮದ್ಯಸಾರ ಬರುತ್ತದೆ, ಉಳಿದ 88 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ.

ಇಷ್ಟು ದಾಟಿದ ಮೇಲೆ ಎರಡನೆಯ ಬಾಧೆ. ತಾನೇ ಮಾಡಿದ ಮದ್ಯಸಾರ ಈಗ ಕೋಶದ ಹೊರಪೊರೆಯನ್ನು ಸಡಿಲಿಸಿ ಕೊರೆಯತೊಡಗುತ್ತದೆ. ಪೊರೆ ಗಟ್ಟಿಯಾಗಿರಲು ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸಲು ಆಮ್ಲಜನಕ ಬೇಕೇ ಬೇಕು. ಹುದುಗುವಿಕೆ ಗಾಳಿಯಿಲ್ಲದೆ ನಡೆಯುವ ಕೆಲಸ ಎಂದು ಶಾಲೆಯಲ್ಲಿ ಓದಿದ್ದೇವೆ, ನಿಜ. ಆದರೆ ಆ ಕೆಲಸಕ್ಕೆ ಹೊರಡುವ ಮೊದಲು ಯೀಸ್ಟಿಗೆ ಗಾಳಿ ಬೇಕು. ಬಲ್ಲವರು ತಣ್ಣಗಾದ ವರ್ಟಿಗೆ ಯೀಸ್ಟ್ ಹಾಕುವಾಗ ಚೆನ್ನಾಗಿ ಗಾಳಿ ಕೊಡುತ್ತಾರೆ, ಬಾರ್ಲಿ ವೈನಿನಂಥ ಗಟ್ಟಿ ರಸವಾದರೆ ಅರ್ಧ ದಿನ ಕಳೆದು ಇನ್ನೊಮ್ಮೆ. ಅದಕ್ಕೂ ತಡವಾಗಿ ಕೊಟ್ಟರೆ ರುಚಿ ಹಳಸುತ್ತದೆ. ಯೀಸ್ಟಿನ ಪ್ರಮಾಣವೂ ಸಾಮಾನ್ಯ ಬಿಯರಿಗೆ ಹಾಕುವುದಕ್ಕಿಂತ ಎರಡು ಪಟ್ಟಿಗೂ ಮಿಗಿಲು.

ಶಾಖದ ಮಾತು ಬೇರೆ. ಮೊದಲ ಎರಡು ಮೂರು ದಿನ ಯೀಸ್ಟೇ ಬಿಸಿ ಉಗುಳುತ್ತದೆ. ಆಗ ಹಿಡಿತ ತಪ್ಪಿದರೆ ಭಾರದ ಆಲ್ಕೋಹಾಲ್‌ಗಳು ಹುಟ್ಟಿ ಪಾನೀಯ ಮೂಗಿಗೆ ರಾಚುತ್ತದೆ. ಬೇಸಗೆಯಲ್ಲಿ ಮನೆಯೊಳಗೇ 30 ಡಿಗ್ರಿ ದಾಟುವ ಕೊಳ್ಳೇಗಾಲದಂಥ ಊರಿನ ಹವೆ ಇದಕ್ಕೆ ಹೇಳಿಸಿದ್ದಲ್ಲ. ಗಟ್ಟಿ ಸಿಹಿಯ ಬಾಧೆ ತಗ್ಗಿಸಲು ಸಕ್ಕರೆಯನ್ನೆಲ್ಲ ಒಂದೇ ಸಲ ಸುರಿಯದೆ, ಹುದುಗು ಜೋರಾದ ಮೇಲೆ ಒಂದು ಭಾಗವನ್ನು ಕಂತುಕಂತಾಗಿ ಹಾಕುವ ಉಪಾಯವೂ ಉಂಟು. ಬೆಲ್ಜಿಯಂನವರು ಬೀಟ್‌ರೂಟ್ ಜಾತಿಯ ಗೆಡ್ಡೆಯ ಸಕ್ಕರೆ ಬಳಸುತ್ತಾರೆ. ಆಲೆಮನೆಯ ಬೆಲ್ಲದಲ್ಲಿರುವ ಸಕ್ಕರೆಯೂ ಬಹುಪಾಲು ಅದೇ, ಸುಕ್ರೋಸ್.

ಬೆಲ್ಜಿಯಂನ ಯೀಸ್ಟಿಗೆ ಹೆಸರು ಬಂದದ್ದು ಇಂಥ ಬಾಧೆಗಳನ್ನು ತಾಳುವ ಗುಣದಿಂದಲೂ ಹೌದು. ಅಲ್ಲಿನ ಹಲವು ತಳಿಗಳು ಹೆಚ್ಚು ಶಾಖದಲ್ಲೂ ಶೇಕಡಾ 12 ಮೀರಿದ ಮದ್ಯಸಾರದಲ್ಲೂ ಕೆಲಸ ಬಿಡುವುದಿಲ್ಲ. ಜೊತೆಗೆ ಬಾರ್ಲಿ ಸಿಪ್ಪೆಯ ಫೆರುಲಿಕ್ ಆಮ್ಲವನ್ನು ಮುರಿದು ಲವಂಗದ ವಾಸನೆಯನ್ನೂ, ಬೇರೊಂದು ದಾರಿಯಿಂದ ಬಾಳೆಹಣ್ಣಿನ ವಾಸನೆಯನ್ನೂ ಹುಟ್ಟಿಸುತ್ತವೆ. ಲವಂಗ ಹಾಕದೆ ಲವಂಗದ ಘಮ!

ಈ ತಳಿಗಳು ತಾವಾಗಿ ಉಳಿದು ಬಂದವಲ್ಲ. ಎರಡನೆಯ ಮಹಾಯುದ್ಧದ ನಂತರ ಶಿಮೆ ಬಿಯರ್ ತಯಾರಿಸುವ ಸ್ಕೂರ್ಮಾಂ ಮಠದ ಸನ್ಯಾಸಿ ಥಿಯೊಡೋರ್, ಲೂವೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಡಿ ಕ್ಲರ್ಕ್ ಅವರ ನೆರವಿನಿಂದ ಮಠದ ಯೀಸ್ಟನ್ನು ಬೇರ್ಪಡಿಸಿ ಶುದ್ಧ ತಳಿ ಮಾಡಿಕೊಂಡರು. ಡಿ ಕ್ಲರ್ಕ್ ಅವರ ಸಮಾಧಿ ಇರುವುದೂ ಆ ಮಠದಲ್ಲೇ. 2016ರಲ್ಲಿ ಇದೇ ಲೂವೆನ್‌ನ ಕೆವಿನ್ ವರ್ಸ್ಟ್ರೆಪೆನ್ ಅವರ ತಂಡ ಮತ್ತು ಸಂಗಡಿಗರು 157 ಯೀಸ್ಟ್ ತಳಿಗಳ ಜೀನೋಮ್ ಓದಿ, ಬಿಯರ್ ಯೀಸ್ಟುಗಳು ಮನುಷ್ಯನ ಕೈಯಲ್ಲಿ ಶತಮಾನಗಳ ಕಾಲ ಪಳಗಿದವು ಎಂದು ತೋರಿಸಿದರು. ದನ, ಭತ್ತಗಳಂತೆ ಯೀಸ್ಟ್ ಕೂಡ ಸಾಕಿದ ಜೀವ.

ಸಕ್ಕರೆ ತಾಳುವ ಯೀಸ್ಟುಗಳಿಗೆ ನಮ್ಮಲ್ಲೂ ತಾವುಗಳಿವೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರು ತೆಗೆಯುವ ಹೆಜ್ಜೇನನ್ನೇ ನೋಡಿ. ಜೇನುತುಪ್ಪದಲ್ಲಿ ನೀರಿನಂಶ ನೂರಕ್ಕೆ 17ರೊಳಗಿದ್ದರೆ ಅದು ವರ್ಷಗಟ್ಟಲೆ ಕೆಡುವುದಿಲ್ಲ. 20 ದಾಟಿದರೆ ನೊರೆ ಎದ್ದು ಹುಳಿ ಬರುತ್ತದೆ. ಎರಿಗೆ ಹುಳುಗಳು ಮೇಣದ ಮುಚ್ಚಳ ಹಾಕುವ ಮೊದಲೇ ಕಿತ್ತರೆ, ಹವೆಯಲ್ಲಿ ತೇವ ಹೆಚ್ಚಿದ್ದರೆ ಹೀಗಾಗುವುದು ಸಹಜ. ಹುಳಿ ಬಂದ ಮಾತ್ರಕ್ಕೆ ತುಪ್ಪ ಕಲಬೆರಕೆ ಎಂದು ಸೋಲಿಗರನ್ನು ಶಂಕಿಸುವುದು ತಪ್ಪು. ಆ ನೊರೆಯ ಹಿಂದೆ ಇರುವುದು ಜೈಗೋಸ್ಯಾಕರೋಮೈಸಿಸ್‌ನಂಥ ಯೀಸ್ಟುಗಳು. ಬಾರ್ಲಿ ವೈನಿನ ರಸಕ್ಕಿಂತ ಎಷ್ಟೋ ಗಟ್ಟಿಯಾದ ಸಿಹಿಯಲ್ಲಿ ಅವು ಬದುಕಬಲ್ಲವು. ಅದೇ ಕುಲದ ಒಂದು ಪ್ರಭೇದ ಜಪಾನಿನಲ್ಲಿ ಸೋಯಾ ಸಾಸ್ ತಯಾರಿಕೆಗೆ ದುಡಿಯುತ್ತಿದೆ. ಸಿಹಿ ಬ್ರೆಡ್ಡಿನ ಹಿಟ್ಟಿಗೂ ಸಕ್ಕರೆ ತಾಳುವ ಯೀಸ್ಟೇ ಬೇಕು.

ಬೆಲ್ಜಿಯಂನ ಒಂದು ಮಠ ತನ್ನ ಯೀಸ್ಟಿಗಾಗಿ ಮಾಡಿದ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಈ ಬೆಟ್ಟಗಳ ಜೇನಿಗೆ, ಹೂವಿಗೆ, ಈಚಲ ರಸಕ್ಕೆ ಮಾಡಬೇಕು. ತಳಿ ಬೇರ್ಪಡಿಸಿ, ಗುಣ ಪರೀಕ್ಷಿಸಿ, ಚಂಡೀಗಢ ಅಥವಾ ಪುಣೆಯ ಸೂಕ್ಷ್ಮಜೀವಿ ಸಂಗ್ರಹಗಳಲ್ಲಿ ಊರಿನ ಹೆಸರು ಸಮೇತ ಇಡಬೇಕು. ಬಿಳಿಗಿರಿಯ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿದ್ದು 2011ರಲ್ಲಿ. ಅವರ ಒಪ್ಪಿಗೆ ಪಡೆದೇ ಮಾದರಿ ತೆಗೆಯಬೇಕು. ನಾಳೆ ಯಾವುದಾದರೂ ತಳಿಯಿಂದ ಲಾಭ ಬಂದರೆ 2002ರ ಜೀವವೈವಿಧ್ಯ ಕಾಯ್ದೆಯ ಆಶಯದಂತೆ ಅದರಲ್ಲಿ ಅವರಿಗೆ ಪಾಲು ಸಲ್ಲಬೇಕು.