ಹಾರದೆ ಮಡಿದವರು

ಕೊಗನೊಳ್ಳಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯು ಕನ್ನಡನಾಡನ್ನು ಪ್ರವೇಶಿಸುತ್ತದೆ. ಅಲ್ಲಿಂದ ತಂಬಾಕಿನ ನಿಪ್ಪಾಣಿಯನ್ನೂ ಸಂಕೇಶ್ವರವನ್ನೂ ದಾಟಿ ಬೆಳಗಾವಿಯನ್ನು ಸೇರಿ, ಮೂಡಣಕ್ಕೆ ಹೊರಳಿದರೆ ಸಾಂಬ್ರಾ. 1942ರಲ್ಲಿ, ಬರ್ಮಾದ ಯುದ್ಧವು ಬಿಸಿಯೇರಿದಾಗ, ಬ್ರಿಟಿಷ್ ವಿಮಾನದಳವು ಇಲ್ಲಿ ನಿಲ್ದಾಣವೊಂದನ್ನು ಕಟ್ಟಿತು. ಈಗ ಅದರ ಬದಿಯಲ್ಲಿಯೇ ಭಾರತೀಯ ವಿಮಾನದಳದ ಏರ್‌ಮನ್ ತರಬೇತಿ ಶಾಲೆ ಇದೆ. ಮೀಸೆ ಆಗತಾನೆ ಚಿಗುರಿದ ಹುಡುಗರು ಇಲ್ಲಿಗೆ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ವಿಮಾನವನ್ನು ನಡೆಸುವವರಲ್ಲ. ಅದನ್ನು ಹಾರುವಂತೆ ಇಡುವವರು.

ವಿಮಾನದಳವೆಂದೊಡನೆ ನಮ್ಮ ಕಣ್ಣು ಆಕಾಶಕ್ಕೆ ಹೋಗುತ್ತದೆ. ನೆಲದ ಮೇಲೆ ನಿಂತವನನ್ನು ನೋಡುವವರು ವಿರಳ. ಎಂಜಿನ್ನನ್ನು ನೋಡಿಕೊಳ್ಳುವ ಫಿಟರ್, ರೆಕ್ಕೆ-ಮೈಗಳನ್ನು ಪರೀಕ್ಷಿಸುವ ರಿಗ್ಗರ್, ಬಂದೂಕಿಗೆ ಮದ್ದು ತುಂಬಿ ಬಾಂಬನ್ನು ತೂಗಿಸುವ ಆರ್ಮರರ್ - ಇವರು ತಮ್ಮ ತಮ್ಮ ಕೆಲಸ ಮುಗಿಸಿ ಪುಸ್ತಕದಲ್ಲಿ ರುಜು ಹಾಕಿದ ಮೇಲೆಯೇ ವೈಮಾನಿಕನು ಆಸನವನ್ನೇರುವುದು. ಒಂದು ಪ್ರಾಣದ ಹೊಣೆಯನ್ನು ದಿನವೂ ರುಜು ಹಾಕಿ ಹೊರುವ ಉದ್ಯೋಗ ಬೇರೆ ಎಷ್ಟಿವೆಯೋ!

1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಮ್ಮ ಮೊದಲ ಸ್ಕ್ವಾಡ್ರನ್ ನಾಲ್ಕು ವಾಪಿಟಿ ವಿಮಾನಗಳೊಡನೆ ಕಣ್ತೆರೆದಾಗ ಇಂಥವರು 19 ಮಂದಿ ಇದ್ದರು. ಅವರನ್ನು 'ಹವಾಯಿ ಸಿಪಾಯಿ'ಗಳೆಂದು ಕರೆಯುತ್ತಿದ್ದರು. ಒಂಬತ್ತು ವರ್ಷಗಳ ತರುವಾಯ, 1942ರ ಫೆಬ್ರುವರಿಯ ಮೊದಲ ದಿನ, ಅದೇ ಸ್ಕ್ವಾಡ್ರನ್ ಬರ್ಮಾದ ಟೌಂಗೂ ನಿಲ್ದಾಣಕ್ಕೆ ಬಂದಿಳಿಯಿತು. ಮರುದಿನವೇ ಜಪಾನೀಯರ ಬಾಂಬುಗಳು ಸುರಿದವು. ಮುನ್ನೆಚ್ಚರಿಕೆಯಿಂದ ಚದುರಿಸಿ ಮರೆಮಾಡಿದ್ದ ಲೈಸಾಂಡರ್ ವಿಮಾನಗಳು ಉಳಿದುಕೊಂಡವು. ಇವು ಭೂಸೇನೆಗೆ ನೆರವಾಗಲೆಂದು ರಚಿತವಾದ ನಿಧಾನಗತಿಯ ವಿಮಾನಗಳು. ಆದರೂ 250 ಪೌಂಡಿನ ಎರಡು ಬಾಂಬುಗಳನ್ನು ಹೊತ್ತು, ಮುಖ್ಯಾಧಿಕಾರಿ ಕೆ.ಕೆ. ಮಜುಂದಾರರು ಥಾಯ್ಲೆಂಡಿನ ಶತ್ರು ನಿಲ್ದಾಣದ ಮೇಲೆ ಎರಗಿ ಬಂದರು. ಈ ಸಾಹಸಕಥೆ ಪ್ರಸಿದ್ಧವೇ. ಆ ಬಾಂಬುಗಳನ್ನು ವಿಮಾನಕ್ಕೆ ಹೊಂದಿಸಿ ಕಟ್ಟಿದ ಕೈಗಳಿಗೆ ಕಥೆಯಿಲ್ಲ.

1944ರಲ್ಲಿ ಇಂಫಾಲವು ಮುತ್ತಿಗೆಗೆ ಸಿಲುಕಿದಾಗ ಅರ್ಜನ್ ಸಿಂಗರ ನೇತೃತ್ವದಲ್ಲಿ ಹರಿಕೇನ್ ವಿಮಾನಗಳು ಅಲ್ಲಿಂದಲೇ ಹಾರುತ್ತಿದ್ದವು. ಮಳೆಗಾಲ ಬಂದರೂ ಹಾರಾಟ ನಿಲ್ಲಲಿಲ್ಲ. ಹಾಗಾದರೆ ಆ ಕೆಸರಿನಲ್ಲಿ ನಿಂತು ಎಂಜಿನ್ ಬಿಚ್ಚುತ್ತಿದ್ದವರ ಪಾಡೇನು? ಶತ್ರುವಿನ ಗುಂಡಿಗಿಂತ ಮಲೇರಿಯಾ, ಆಮಶಂಕೆ, ಕಾಡಿನ ಉಣ್ಣೆಮರಿಗಳು ತರುವ ಟೈಫಸ್ ಜ್ವರಗಳೇ ಹೆಚ್ಚು ಜನರನ್ನು ಕೆಡವುತ್ತಿದ್ದವು. 1943ರಲ್ಲಿ ಈ ರಣರಂಗದಲ್ಲಿ ಒಬ್ಬ ಗಾಯಾಳುವಿಗೆ 120 ರೋಗಿಗಳಂತೆ ಆಸ್ಪತ್ರೆಗೆ ಸಾಗಿಸಬೇಕಾಯಿತೆಂದು ಸೇನಾಪತಿ ಸ್ಲಿಮ್ ಬರೆದಿದ್ದಾರೆ. ತಿರುಗುವ ಪ್ರೊಪೆಲರಿನ ಮುಂದೆ ಒಂದು ತಪ್ಪು ಹೆಜ್ಜೆ, ಇಳಿಸುವಾಗ ಸಿಡಿದ ಒಂದು ಬಾಂಬು, ಚಳಿಜ್ವರದ ಒಂದು ರಾತ್ರಿ - ನೆಲದ ಸಿಬ್ಬಂದಿಯ ಮರಣವು ಬರುತ್ತಿದ್ದುದು ಹೀಗೆ. ಪದಕಕ್ಕೆ ಬೇಕಾದ ಸನ್ನಿವೇಶ ಅದರಲ್ಲಿರುವುದಿಲ್ಲ. ಮನೆಯವರ ಪಾಲಿಗೆ ಮಾತ್ರ ತಂತಿಯ ಒಕ್ಕಣೆ ಒಂದೇ.

ಹೂಳಲ್ಪಟ್ಟವರಿಗೆ ಕಲ್ಲೊಂದಾದರೂ ಉಂಟು. ನಮ್ಮವರಲ್ಲಿ ಬಹುಮಂದಿಯನ್ನು ಸುಟ್ಟದ್ದರಿಂದ ಅವರಿಗೆ ಗೋರಿಯಿಲ್ಲ; ಹೆಸರೇ ಸಮಾಧಿ. ಇಂಫಾಲದ ಸ್ಮಾರಕವೊಂದರಲ್ಲಿ ಹೀಗೆ ಅಗ್ನಿಗರ್ಪಿತರಾದ 868 ಜನರ ನೆನಪಿದೆ. 1957ರಲ್ಲಿ ಅನಾವರಣಗೊಂಡ ಸಿಂಗಪುರದ ಕ್ರಾಂಜಿ ಸ್ಮಾರಕದ ಕಂಬಗಳ ಮೇಲೆ 24,000ಕ್ಕೂ ಮಿಕ್ಕಿದ ಹೆಸರುಗಳಿವೆ. ಅದರ ಮಾಡು ವಿಮಾನದ ರೆಕ್ಕೆಯಂತೆ ಚಾಚಿದೆ. ಪೂರ್ವ ಏಷ್ಯಾದ ಆಕಾಶದಲ್ಲಿ ಕಾಣದಾದ ವಿಮಾನದಳದವರ ಹೆಸರುಗಳೂ ಅದರ ನೆರಳಿನಲ್ಲಿವೆ. ಸ್ವಾತಂತ್ರ್ಯಾನಂತರ ಮಡಿದವರಿಗಾಗಿ 2019ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಸಮರ ಸ್ಮಾರಕವು ತೆರೆಯಿತು. ಅಲ್ಲಿ ಅಧಿಕಾರಿಗೂ ಏರ್‌ಮನ್‌ಗೂ ಒಂದೇ ಅಳತೆಯ ಕಲ್ಲು, ಒಂದೇ ಹೊನ್ನಬಣ್ಣದ ಅಕ್ಷರ.

ಹಿಂದಿನ ಯುದ್ಧದವರ ಹೆಸರುಗಳನ್ನು ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗದ ದಾಖಲೆಗಳಲ್ಲಿ ಯಾರಾದರೂ ಹುಡುಕಬಹುದು; ಅದಕ್ಕೆ ಶುಲ್ಕವಿಲ್ಲ. ಹೆಸರು, ಸೇವಾಸಂಖ್ಯೆ, ಹುದ್ದೆ, ಮಡಿದ ದಿನ. ಕೆಲವರ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ. ಆಂಗ್ಲ ಗುಮಾಸ್ತರ ಕೈಯಲ್ಲಿ ನಮ್ಮ ಊರುಗಳ ಹೆಸರು ಅಷ್ಟಿಷ್ಟು ಕೆಟ್ಟಿರುವುದೂ ಉಂಟು. ಆದ್ದರಿಂದ ಅಜ್ಜನ ತಮ್ಮನನ್ನು ಹುಡುಕುವವರು ಒಂದೇ ಕಾಗುಣಿತವನ್ನು ನಂಬಿ ಕೂರದೆ, ನಾಲ್ಕಾರು ಬಗೆಯಲ್ಲಿ ಬರೆದು ನೋಡಬೇಕು.